ಲೋಕದ ಹಣದ ಮುಗ್ಗಟ್ಟುಗಳೂ ವಿಶ್ವವಿದ್ಯಾನಿಲಯದ ವಿದ್ಯೆಯೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)

ಓಂ ಶ್ರೀ ಗುರುಬಸವಲಿಂಗಾಯ ನಮಃ



ಮಠದ ಮಹೋತ್ಸವದಲ್ಲಿ ಶಿವಾನುಭವದ ವಿಚಾರ ನಡೆಯುವುದು ವಾಡಿಕೆಯಾಗಿರುವುದರಿಂದ, ಲೋಕದ ಹಣಕಾಸಿನ ವಿಚಾರವನ್ನು ಈ ಪವಿತ್ರ ಸ್ಥಾನದಲ್ಲಿ ಎತ್ತಿಕೊಂಡುದು ಕೆಲವರಿಗೆ ಅಸಂಗತವಾಗಿ ತೋರಬಹುದು. ಆದರೆ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಭಕ್ತರಾರೂ ಮರೆತಿಲ್ಲ. ಅರಸನ ಬೊಕ್ಕಸದ ಲೆಕ್ಕವನ್ನಿಟ್ಟ ಕೈಯೇ ಮಹಾಮನೆಯ ದಾಸೋಹವನ್ನೂ ನಡೆಸಿತು. ಹಣವನ್ನು ಮುಟ್ಟದಿರುವುದೇ ಭಕ್ತಿಯ ಲಕ್ಷಣವೆಂದು ಶರಣರು ಬಗೆಯಲಿಲ್ಲ. ಅದು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು, ನಡುವೆ ಯಾರ ಬೆವರು ಅದಕ್ಕೆ ಅಂಟಿಕೊಂಡಿತು ಎಂಬುದನ್ನು ಅರಿತು ಮುಟ್ಟಬೇಕೆಂದು ಅವರು ಬಯಸಿದರು. ಇದಲ್ಲದೆ, ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಎಷ್ಟೋ ಮಕ್ಕಳು ಈಗ ಮುಂಬಯಿಯ, ಲಂಡನ್ನಿನ, ಅಮೆರಿಕೆಯ ವಿದ್ಯಾಶಾಲೆಗಳಿಗೆ ಹೋಗಿ ಅರ್ಥಶಾಸ್ತ್ರವನ್ನೂ ಹಣಕಾಸಿನ ಶಾಸ್ತ್ರವನ್ನೂ ಅಭ್ಯಾಸಮಾಡುತ್ತಿದ್ದಾರೆ. ಅವರನ್ನು ಕಳುಹಿದ ತಾಯಿತಂದೆಗಳಲ್ಲಿ ಹೊಲವನ್ನು ಒತ್ತೆಯಿಟ್ಟವರೂ ಉಂಟು. ಈ ವಿದ್ಯೆ ಎಂಥದು, ಇದನ್ನು ಕಲಿತವರು ಕಂಡುದೇನು, ಕಾಣದೆ ಹೋದುದೇನು ಎಂದು ಕೇಳಿ ತಿಳಿಯುವ ಹಕ್ಕು ಅವರಿಗೆ ಇದ್ದೇ ಇದೆ.

ಇದೇ ಪ್ರಶ್ನೆಯನ್ನು ಒಬ್ಬ ಮಹಾರಾಣಿಯು ಕೇಳಿದ ಪ್ರಸಂಗವೊಂದುಂಟು. 2008ನೆಯ ಇಸವಿಯ ನವೆಂಬರ್ 5ರಂದು ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯ ಹೊಸ ಕಟ್ಟಡದ ಪ್ರಾರಂಭೋತ್ಸವಕ್ಕೆ ಬಂದಿದ್ದಳು. ಆಗ ಲೋಕದ ದೊಡ್ಡ ದೊಡ್ಡ ಬ್ಯಾಂಕುಗಳು ಒಂದೊಂದಾಗಿ ಕುಸಿಯುತ್ತಿದ್ದುವು. ಅಲ್ಲಿಯ ಪಂಡಿತರು ಮುಗ್ಗಟ್ಟಿನ ಸ್ವರೂಪವನ್ನು ನಕ್ಷೆಗಳ ಮೂಲಕ ವಿವರಿಸಿದಾಗ, ಇಷ್ಟು ದೊಡ್ಡ ಆಪತ್ತು ಬರುತ್ತಿರುವುದನ್ನು ಯಾರೊಬ್ಬರೂ ಗಮನಿಸದೆ ಹೋದುದು ಹೇಗೆ ಎಂದು ಆಕೆ ವಿಚಾರಿಸಿದಳು. ಅರ್ಥಶಾಸ್ತ್ರಕ್ಕೆಂದೇ 1895ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಇಂಥ ಪ್ರಶ್ನೆಗೆ ಕೂಡಲೇ ತೃಪ್ತಿಕರವಾದ ಉತ್ತರ ದೊರೆಯಲಿಲ್ಲ. ಮರುವರುಷದ ಜುಲೈ ತಿಂಗಳಲ್ಲಿ ಬ್ರಿಟಿಷ್ ಅಕಾಡೆಮಿಯ ವಿದ್ವಾಂಸರು ಕಲೆತು ವಿಚಾರಿಸಿ ರಾಣಿಗೆ ಪತ್ರವೊಂದನ್ನು ಬರೆದರು. ಬುದ್ಧಿವಂತರು ಅನೇಕರಿದ್ದರು, ಒಬ್ಬೊಬ್ಬನೂ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿದನು, ಆದರೆ ಇಡಿಯ ವ್ಯವಸ್ಥೆಗೆ ಒದಗುವ ಅಪಾಯವನ್ನು ಒಟ್ಟಾಗಿ ಕಲ್ಪಿಸಿಕೊಳ್ಳುವ ಶಕ್ತಿ ಅವರೆಲ್ಲರಲ್ಲಿ ಸೋತಿತು ಎಂಬುದು ಆ ಪತ್ರದ ಸಾರವಾಗಿದ್ದಿತು. ತಮ್ಮ ಅರಿವಿನ ಕೊರತೆಯನ್ನು ಪಂಡಿತರು ಬಹಿರಂಗವಾಗಿ ಒಪ್ಪಿಕೊಳ್ಳುವುದು ಅಪರೂಪ. ಆದುದರಿಂದ ಆ ಪತ್ರ ಗೌರವಾರ್ಹವಾದುದು. ಆದರೆ ಅದರಿಂದ ಪ್ರಶ್ನೆ ಮುಗಿಯಲಿಲ್ಲ.

ವಿಷಯವು ತಿಳಿಯಬೇಕಾದರೆ ಬ್ಯಾಂಕೆಂಬುದರ ಗುಟ್ಟನ್ನು ಮೊದಲು ಅರಿಯತಕ್ಕುದು. ಒಂದು ಊರಿನಲ್ಲಿ ನೂರು ಜನ ತಲೆಗೆ ನೂರು ರೂಪಾಯಿಗಳಂತೆ ಠೇವಣಿಯಿಟ್ಟರೆಂದು ಭಾವಿಸೋಣ. ಒಟ್ಟು ಹತ್ತು ಸಾವಿರವಾಯಿತು. ಬ್ಯಾಂಕು ಒಂದು ಸಾವಿರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಉಳಿದ ಒಂಬತ್ತು ಸಾವಿರವನ್ನು ಬಾವಿ ತೋಡಿಸುವವನಿಗೂ, ಎಣ್ಣೆಯ ಗಿರಣಿ ಹಾಕುವವನಿಗೂ ಹತ್ತು ವರುಷಗಳ ವಾಯಿದೆಗೆ ಸಾಲ ಕೊಡುತ್ತದೆ. ಠೇವಣಿದಾರನು ಕೇಳಿದ ದಿನವೇ ಹಣ ಕೊಡುವೆನೆಂದು ಮಾತು. ಆದರೆ ಸಾಲಗಾರನಿಂದ ಹಣ ಬರುವುದು ಹತ್ತು ವರುಷಗಳಲ್ಲಿ. ಸಾಮಾನ್ಯ ದಿನಗಳಲ್ಲಿ ನೂರು ಜನರಲ್ಲಿ ಐದಾರು ಜನ ಮಾತ್ರ ಹಣ ಕೇಳಲು ಬರುವುದರಿಂದ ಈ ಏರ್ಪಾಟು ಸುಖವಾಗಿ ನಡೆಯುತ್ತದೆ. ನಿದ್ದೆಮಾಡುತ್ತಿದ್ದ ಹಣ ಎಚ್ಚತ್ತು ಊರಿಗೆ ನೀರನ್ನೂ ಉದ್ಯೋಗವನ್ನೂ ತರುತ್ತದೆ. ಒಂದು ದಿನ ಸಂತೆಯಲ್ಲಿ ಬ್ಯಾಂಕು ಮುಳುಗಿತಂತೆ ಎಂಬ ಗಾಳಿಮಾತು ಹುಟ್ಟಿತೆನ್ನಿ. ನೂರು ಜನರೂ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೊದಲು ಬಂದ ಹತ್ತು ಜನರಿಗೆ ಹಣ ಸಿಗುತ್ತದೆ. ಹನ್ನೊಂದನೆಯವನಿಗೆ ಬಾಗಿಲು ಮುಚ್ಚುತ್ತದೆ. ಬ್ಯಾಂಕು ಮೋಸಮಾಡಿರಲಿಲ್ಲ, ಸಾಲಗಾರರೂ ಕೆಟ್ಟವರಾಗಿರಲಿಲ್ಲ, ಆದರೂ ಸುಳ್ಳು ಮಾತು ತಾನೇ ನಿಜವಾಯಿತು. ಇದನ್ನು ಅಮೆರಿಕೆಯ ಡೈಮಂಡ್ ಮತ್ತು ಡಿಬ್‌ವಿಗ್ ಎಂಬ ಇಬ್ಬರು ವಿದ್ವಾಂಸರು 1983ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟರು. ಬ್ಯಾಂಕುಗಳ ಕುಸಿತವನ್ನು ಕುರಿತ ಸಂಶೋಧನೆಗಾಗಿ ಅವರಿಗೂ ಬರ್ನಾಂಕಿ ಎಂಬವರಿಗೂ 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಂಕಿನ ಅಡಿಗಲ್ಲು ಬಂಗಾರವಲ್ಲ, ನಂಬುಗೆ ಎಂಬುದೇ ಇದರ ಸಾರ.

ಈ ನಂಬುಗೆಯ ಸರಪಳಿ ಊರಿನಿಂದ ಊರಿಗೂ ದೇಶದಿಂದ ದೇಶಕ್ಕೂ ಹಬ್ಬಿದಾಗ ಅದನ್ನೇ ಲೋಕದ ಹಣಕಾಸಿನ ವ್ಯವಸ್ಥೆಯೆಂದು ಕರೆಯುತ್ತಾರೆ. ಇದು ನಿನ್ನೆಮೊನ್ನೆ ಹುಟ್ಟಿದುದೆಂದೂ, ಕನ್ನಡನಾಡಿನ ಒಕ್ಕಲಿಗನಿಗೆ ಸಂಬಂಧಿಸದುದೆಂದೂ ತಿಳಿಯುವುದು ತಪ್ಪು. 1861ರಲ್ಲಿ ಅಮೆರಿಕೆಯಲ್ಲಿ ಉತ್ತರ ದಕ್ಷಿಣ ಪ್ರಾಂತಗಳ ನಡುವೆ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣದ ಬಂದರುಗಳನ್ನು ಉತ್ತರದವರ ಹಡಗುಗಳು ತಡೆದುವು. ಅಲ್ಲಿಯ ಅರಳೆಯನ್ನೇ ನೆಚ್ಚಿಕೊಂಡಿದ್ದ ಇಂಗ್ಲೆಂಡಿನ ಲಂಕಾಷೈರ್ ಸೀಮೆಯ ಗಿರಣಿಗಳು ನಿಂತುವು. ನೇಕಾರರು ಉಪವಾಸ ಬಿದ್ದರು. ಆಗ ಅವರ ಕಣ್ಣು ಹಿಂದುಸ್ಥಾನದ ಹತ್ತಿಯ ಮೇಲೆ ಬಿದ್ದಿತು. ಧಾರವಾಡ ಸೀಮೆಯಲ್ಲಿ ಅಮೆರಿಕೆಯ ಬೀಜದಿಂದ ಬೆಳೆಸಿದ ಹತ್ತಿಗೆ ಆಗಲೇ ಹೆಸರು ಬಂದಿದ್ದಿತು. ಧಾರಣೆ ಹಲವು ಪಟ್ಟು ಏರಿತು. ಎಂದೂ ಕಾಣದಷ್ಟು ಬೆಳ್ಳಿ ಒಕ್ಕಲಿಗರ ಮನೆಗಳಿಗೆ ಬಂದಿತು. ಮುಂಬಯಿಯಲ್ಲಂತೂ ಅರಳೆಯ ಹಣದಿಂದ ಷೇರುಗಳ ಹುಚ್ಚು ಹತ್ತಿಕೊಂಡಿತು. ಸಮುದ್ರವನ್ನು ತುಂಬಿ ನೆಲಮಾಡುವ ಕಂಪನಿಗಳ ಷೇರುಗಳನ್ನು ಕಾಗದದ ಮೇಲೆಯೇ ಕೊಂಡು ಕಾಗದದ ಮೇಲೆಯೇ ಮಾರಿದರು. ಪ್ರೇಮಚಂದ ರಾಯಚಂದ ಎಂಬ ಸಾಹುಕಾರನ ಮಾತೇ ಪೇಟೆಗೆ ವೇದವಾಗಿದ್ದಿತು. 1865ರ ಏಪ್ರಿಲಿನಲ್ಲಿ ಯುದ್ಧ ನಿಂತಿತು. ಅರಳೆಯ ಧಾರಣೆ ಬಿದ್ದಿತು. ಆ ವರುಷದ ಜುಲೈ 1ರಂದು ತೀರಿಸಬೇಕಾಗಿದ್ದ ವಾಯಿದೆಗಳನ್ನು ತೀರಿಸಲು ಯಾರಲ್ಲಿಯೂ ಹಣವಿರಲಿಲ್ಲ. ಸರಕಾರದ ಆಶ್ರಯವಿದ್ದ ಬ್ಯಾಂಕ್ ಆಫ್ ಬಾಂಬೆ ಸಹ ತನ್ನ ಬಂಡವಲವನ್ನು ಕಳೆದುಕೊಂಡು 1868ರಲ್ಲಿ ಮುಚ್ಚಿಹೋಯಿತು. ಹೀಗೆ ಅಮೆರಿಕೆಯಲ್ಲಿ ಹಾರಿದ ತೋಪಿನ ಗುಂಡು ಧಾರವಾಡದ ಕರಿಯ ನೆಲದವರೆಗೂ ಬಂದು ಮುಟ್ಟಿತು.

ಮುಂಬಯಿಯ ಕುಸಿತವಾದ ಮರುವರುಷವೇ, 1866ರ ಮೇ 10ರಂದು, ಲಂಡನ್ನಿನಲ್ಲಿ ಓವರೆಂಡ್ ಗರ್ನಿ ಎಂಬ ಹುಂಡಿಯ ವ್ಯಾಪಾರದ ಮಹಾ ಮನೆತನವು ಬಾಗಿಲು ಹಾಕಿತು. ಮರುದಿನ ಪೇಟೆಯಲ್ಲಿ ಹಾಹಾಕಾರವೆದ್ದಿತು. ಇದನ್ನೆಲ್ಲ ಕಣ್ಣಾರೆ ಕಂಡ ವಾಲ್ಟರ್ ಬ್ಯಾಜಟ್ ಎಂಬ ಲೇಖಕನು 1873ರಲ್ಲಿ ‘ಲೊಂಬಾರ್ಡ್ ಸ್ಟ್ರೀಟ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಭೀತಿಯ ಕಾಲದಲ್ಲಿ ದೇಶದ ಮುಖ್ಯ ಬ್ಯಾಂಕು ಕೈ ಬಿಗಿಹಿಡಿಯದೆ, ಒಳ್ಳೆಯ ಭದ್ರತೆಯನ್ನು ತಂದವರಿಗೆಲ್ಲ ಹೆಚ್ಚಿನ ಬಡ್ಡಿಗೆ ಧಾರಾಳವಾಗಿ ಸಾಲ ಕೊಡಬೇಕು ಎಂಬುದು ಅವನ ಉಪದೇಶ. ಲೋಕದ ಯಾವತ್ತೂ ಮುಖ್ಯ ಬ್ಯಾಂಕುಗಳು ಇಂದಿಗೂ ಈ ಸೂತ್ರವನ್ನು ಪಠಿಸುತ್ತವೆ. ಬ್ಯಾಜಟನು ಪ್ರಾಧ್ಯಾಪಕನಾಗಿರಲಿಲ್ಲ, ಪತ್ರಿಕೆಯ ಸಂಪಾದಕನಾಗಿದ್ದನು. ಮುಗ್ಗಟ್ಟಿನ ಶಾಸ್ತ್ರವು ವಿದ್ಯಾಶಾಲೆಯೊಳಗಿಂತ ಮೊದಲು ಪೇಟೆಯ ಬೀದಿಯಲ್ಲಿ ಹುಟ್ಟಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಶ್ವವಿದ್ಯಾನಿಲಯದೊಳಗೆ ಈ ವಿದ್ಯೆ ನೆಲೆಗೊಂಡಾಗ ಅದು ಹಿಂದುಸ್ಥಾನದ ರೂಪಾಯಿಯ ಪ್ರಶ್ನೆಯೊಡನೆ ಬಹಳವಾಗಿ ಹೆಣೆದುಕೊಂಡಿದ್ದಿತು. ಕೇಂಬ್ರಿಜ್ಜಿನ ಜಾನ್ ಮೇನಾರ್ಡ್ ಕೀನ್ಸ್ ಎಂಬಾತನು ತಾರುಣ್ಯದಲ್ಲಿ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ನೌಕರಿ ಮಾಡಿದ್ದನು. 1913ರಲ್ಲಿ ಹೊರಬಿದ್ದ ಆತನ ಮೊದಲ ಗ್ರಂಥವೇ ಭಾರತದ ನಾಣ್ಯ ಮತ್ತು ಹಣಕಾಸನ್ನು ಕುರಿತುದು. ಬೆಳ್ಳಿಯ ರೂಪಾಯಿಯನ್ನು ಇಂಗ್ಲೆಂಡಿನ ಬಂಗಾರದ ನಾಣ್ಯಕ್ಕೆ ಕಟ್ಟಿಹಾಕಿದ ಆಗಿನ ಏರ್ಪಾಟನ್ನು ಆತನು ಮೆಚ್ಚಿಕೊಂಡನು. ಹತ್ತು ವರುಷಗಳ ತರುವಾಯ, 1923ರಲ್ಲಿ, ಅದೇ ಪ್ರಶ್ನೆಯ ಮೇಲೆ ಒಬ್ಬ ಭಾರತೀಯ ವಿದ್ಯಾರ್ಥಿಯು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನಲ್ಲಿ ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದನು. ಅವರೇ ಡಾಕ್ಟರ್ ಭೀಮರಾವ್ ಅಂಬೇಡ್ಕರರು. ಗ್ರಂಥದ ಹೆಸರು ‘ರೂಪಾಯಿಯ ಸಮಸ್ಯೆ’. ಕೀನ್ಸನ ಅಭಿಪ್ರಾಯವನ್ನು ಅವರು ಒಪ್ಪಲಿಲ್ಲ. ವಿದೇಶದ ನಾಣ್ಯದೊಡನೆ ರೂಪಾಯಿಯ ವಿನಿಮಯದರ ನಿಂತಿದೆಯೆ ಎಂಬುದೊಂದೇ ಪ್ರಶ್ನೆಯಲ್ಲ. ರೂಪಾಯಿಗೆ ಪೇಟೆಯಲ್ಲಿ ಎಷ್ಟು ಸರಕು ಬರುತ್ತದೆ, ಅದನ್ನು ಮನಬಂದಂತೆ ಅಚ್ಚುಹಾಕುವ ಅಧಿಕಾರಕ್ಕೆ ಕಡಿವಾಣವುಂಟೆ, ರೂಪಾಯಿಯ ಬೆಲೆ ಕುಸಿದರೆ ಕೂಲಿಯವನ ಗತಿಯೇನು ಎಂದು ಅವರು ವಿಚಾರಿಸಿದರು. ವಿಷಯವೂ ಒಂದೇ, ಅಂಕಿಗಳೂ ಬಹುಮಟ್ಟಿಗೆ ಒಂದೇ. ಆದರೆ ಹಣದ ವ್ಯವಸ್ಥೆಯನ್ನು ಮೇಲುಮಾಳಿಗೆಯಿಂದ ನೋಡಿದವನಿಗೂ, ಅದರ ಭಾರವನ್ನು ಹೊರುವವರ ಕೇರಿಯಿಂದ ಬಂದು ನೋಡಿದವನಿಗೂ ಬೇರೆಬೇರೆ ಸಂಗತಿಗಳು ಕಂಡುವು. ಅರ್ಥಶಾಸ್ತ್ರವನ್ನು ಕಲಿಯಹೊರಡುವ ಮಕ್ಕಳು ನೆನಪಿನಲ್ಲಿಡಬೇಕಾದ ಮೊದಲನೆಯ ಪಾಠವು ಇದೇ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಬಿದ್ದಿತು. ಅಲ್ಲಿಂದ ನಾಲ್ಕು ವರುಷಗಳೊಳಗೆ ಅಮೆರಿಕೆಯಲ್ಲಿ ಸಾವಿರಾರು ಬ್ಯಾಂಕುಗಳು ಮುಚ್ಚಿದುವು. 1933ರ ವೇಳೆಗೆ ದುಡಿಯಬಲ್ಲವರಲ್ಲಿ ಸುಮಾರು ಕಾಲುಭಾಗದಷ್ಟು ಜನರಿಗೆ ಕೆಲಸವಿರಲಿಲ್ಲ. 1931ರ ಮೇ ತಿಂಗಳಲ್ಲಿ ವಿಯೆನ್ನಾ ನಗರದ ಕ್ರೆಡಿಟ್ ಆನ್‌ಸ್ಟಾಲ್ಟ್ ಎಂಬ ಬ್ಯಾಂಕು ಮುಗ್ಗರಿಸಿತು. ಅದರ ಹಿಂದೆ ಜರ್ಮನಿಯ ಬ್ಯಾಂಕುಗಳು. ಸೆಪ್ಟೆಂಬರ್ 21ರಂದು ಇಂಗ್ಲೆಂಡು ಬಂಗಾರದ ನಾಣ್ಯಪದ್ಧತಿಯನ್ನೇ ಬಿಟ್ಟುಕೊಟ್ಟಿತು. ಭಾರತದಲ್ಲಿ ಬೆಳೆಗಳ ಧಾರಣೆ ಪಾತಾಳಕ್ಕಿಳಿಯಿತು. ಆದರೆ ಕಂದಾಯವೂ ಸಾಹುಕಾರನ ಸಾಲವೂ ಇಳಿಯಲಿಲ್ಲ. ಒಕ್ಕಲಿಗನು ಹೆಂಡತಿಯ ಕೊರಳಿನದನ್ನೂ ಕೈಯದನ್ನೂ ಬಿಚ್ಚಿ ಮಾರಿದನು. ಆ ಬಂಗಾರವು ಹಡಗುಗಳಲ್ಲಿ ಸೀಮೆಗೆ ಹರಿದುಹೋಗಿ ಇಂಗ್ಲೆಂಡಿನ ಪೌಂಡಿಗೆ ಆಸರೆಯಾಯಿತು. ಪೇಟೆಯು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತದೆಂಬ ಹಳೆಯ ಸಿದ್ಧಾಂತವನ್ನು 1936ರಲ್ಲಿ ಕೀನ್ಸನು ತನ್ನ ಮಹಾಗ್ರಂಥದಲ್ಲಿ ಖಂಡಿಸಿದನು; ಎಲ್ಲರೂ ಹೆದರಿ ಕೈ ಬಿಗಿಹಿಡಿದಾಗ ಸರಕಾರವು ಮುಂದೆ ಬಂದು ಉದ್ಯೋಗ ಕಲ್ಪಿಸಬೇಕೆಂದು ಸಾಧಿಸಿದನು. 1944ರ ಜುಲೈಯಲ್ಲಿ ಅಮೆರಿಕೆಯ ಬ್ರೆಟನ್ ವುಡ್ಸ್ ಎಂಬ ಸ್ಥಳದಲ್ಲಿ ನಾಲ್ವತ್ತನಾಲ್ಕು ದೇಶಗಳ ಪ್ರತಿನಿಧಿಗಳು ಕಲೆತು ನಾಣ್ಯಗಳಿಗೆ ಹೊಸ ಕಟ್ಟಳೆಯನ್ನು ವಿಧಿಸಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಯೂ ವಿಶ್ವಬ್ಯಾಂಕೂ ಹುಟ್ಟಿದುದು ಆ ಸಭೆಯಿಂದಲೇ. 1971ರ ಆಗಸ್ಟಿನಲ್ಲಿ ಅಮೆರಿಕೆಯು ಡಾಲರನ್ನು ಬಂಗಾರದಿಂದ ಬಿಡಿಸುವವರೆಗೆ ಆ ಕಟ್ಟಳೆ ನಡೆಯಿತು. ಆ ಕಾಲದಲ್ಲಿ ಬ್ಯಾಂಕುಗಳ ಮಹಾಕುಸಿತಗಳು ವಿರಳವಾಗಿದ್ದುವು.

ನೆಮ್ಮದಿಯು ದೀರ್ಘವಾದಾಗ ಮರವು ಬರುತ್ತದೆ. ಇದನ್ನು ಎಲ್ಲರಿಗಿಂತಲೂ ಸ್ಪಷ್ಟವಾಗಿ ತಿಳಿಸಿದವನು ಅಮೆರಿಕೆಯ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಹೈಮನ್ ಮಿನ್‌ಸ್ಕಿ ಎಂಬ ಪ್ರಾಧ್ಯಾಪಕನು. ಸಾಲಗಾರರನ್ನು ಆತನು ಮೂರು ವರ್ಗವಾಗಿ ವಿಂಗಡಿಸಿದನು. ಹೊಲದ ಉಪಮೆಯಿಂದ ಅದನ್ನು ಹೀಗೆ ತಿಳಿಯಬಹುದು: ಮೊದಲನೆಯವನು ಬಂದ ಬೆಳೆಯಿಂದಲೇ ಅಸಲನ್ನೂ ಬಡ್ಡಿಯನ್ನೂ ತೀರಿಸುತ್ತಾನೆ. ಎರಡನೆಯವನು ಬಡ್ಡಿಯನ್ನು ಮಾತ್ರ ಕೊಡುತ್ತಾನೆ, ಅಸಲಿನ ವಾಯಿದೆಯನ್ನು ವರುಷವರುಷವೂ ಮುಂದಕ್ಕೆ ಹಾಕಿಸಿಕೊಳ್ಳುತ್ತಾನೆ. ಮೂರನೆಯವನಿಗೆ ಬಡ್ಡಿಯನ್ನು ಕೊಡುವ ಶಕ್ತಿಯೂ ಇಲ್ಲ. ಹೊಲದ ಬೆಲೆ ಏರೀತು, ಆಗ ಮಾರಿ ತೀರಿಸಿಯೇನು ಎಂಬ ಆಸೆಯೊಂದೇ ಅವನ ಬಂಡವಲ. ನಾಲ್ಕು ಒಳ್ಳೆಯ ವರುಷಗಳು ಸಾಲಾಗಿ ಬಂದರೆ ಸಾಲ ಕೊಡುವವನ ಭಯ ಕರಗುತ್ತದೆ, ಕೊಳ್ಳುವವನ ಭಯವೂ ಕರಗುತ್ತದೆ. ಮೊದಲನೆಯ ವರ್ಗದವರು ಎರಡನೆಯದಕ್ಕೂ ಎರಡನೆಯವರು ಮೂರನೆಯದಕ್ಕೂ ಜಾರುತ್ತಾರೆ. ಆಗ ಒಂದು ಕೆಟ್ಟ ಮಳೆಗಾಲವೇ ಸಾಕು. ಆದುದರಿಂದ ಮುಗ್ಗಟ್ಟು ಹೊರಗಿನಿಂದ ಬಂದೆರಗುವ ಸಿಡಿಲಲ್ಲ. ನೆಮ್ಮದಿಯ ಹೊಟ್ಟೆಯಲ್ಲಿಯೇ ಬೆಳೆಯುವ ಪಿಂಡ. 1996ರಲ್ಲಿ ಮಿನ್‌ಸ್ಕಿ ತೀರಿಕೊಂಡನು. ಆತನ ಗ್ರಂಥಗಳನ್ನು ಹೆಚ್ಚಿನ ವಿಶ್ವವಿದ್ಯಾನಿಲಯಗಳು ಪಠ್ಯವಾಗಿ ಇಡಲಿಲ್ಲ.

ಆತನು ತೀರಿಕೊಂಡ ಹನ್ನೆರಡು ವರುಷಗಳೊಳಗೆ ಆತನ ಮಾತು ಅಕ್ಷರಶಃ ನಿಜವಾಯಿತು. ಅಮೆರಿಕೆಯಲ್ಲಿ ತೀರಿಸಲಾರದವರಿಗೂ ಮನೆಕಟ್ಟುವ ಸಾಲಗಳನ್ನು ಹಂಚಿದರು. ಸಾಲ ಕೊಟ್ಟವರು ಅದನ್ನು ತಮ್ಮಲ್ಲಿ ಇಟ್ಟುಕೊಳ್ಳಲಿಲ್ಲ. ಸಾವಿರಾರು ಸಾಲಪತ್ರಗಳನ್ನು ಒಂದು ಗಂಟಾಗಿ ಕಟ್ಟಿ, ಗಂಟನ್ನು ಚೂರುಚೂರಾಗಿ ಕತ್ತರಿಸಿ, ಲೋಕದ ಮೂಲೆಮೂಲೆಯ ಬ್ಯಾಂಕುಗಳಿಗೂ ಪಿಂಚಣಿಯ ನಿಧಿಗಳಿಗೂ ಮಾರಿದರು. ಇವು ಅತ್ಯಂತ ಭದ್ರವಾದುವೆಂದು ಅಂಕಿತ ಹಾಕಿಕೊಟ್ಟ ಸಂಸ್ಥೆಗಳಿಗೆ ಸಂಬಳ ಕೊಟ್ಟವರು ಮಾರುವವರೇ ಆಗಿದ್ದರು. ಮನೆಗಳ ಬೆಲೆ ಏರುತ್ತಿದ್ದಷ್ಟು ದಿನ ಎಲ್ಲರಿಗೂ ಲಾಭ. 2006ರ ತರುವಾಯ ಬೆಲೆ ಇಳಿಯತೊಡಗಿತು. 2007ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕಿನ ಬಾಗಿಲುಗಳಲ್ಲಿ ಠೇವಣಿದಾರರು ಸಾಲುಗಟ್ಟಿ ನಿಂತರು. ಹತ್ತೊಂಬತ್ತನೆಯ ಶತಮಾನದ ತರುವಾಯ ಅಂಥ ದೃಶ್ಯವನ್ನು ಆ ದೇಶ ಕಂಡಿರಲಿಲ್ಲ. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ಮಹಾಸಂಸ್ಥೆಯು ದಿವಾಳಿ ತೆಗೆಯಿತು. ಅದು 1850ರಲ್ಲಿ ಅಮೆರಿಕೆಯ ಅಲಬಾಮಾ ಪ್ರಾಂತದಲ್ಲಿ ಅರಳೆಯ ವ್ಯಾಪಾರ ಮಾಡುತ್ತ ಹುಟ್ಟಿದ ಅಂಗಡಿ. ಧಾರವಾಡದ ಹತ್ತಿಗೆ ಒಮ್ಮೆ ಚಿನ್ನದ ಬೆಲೆ ತಂದ ಯುದ್ಧವನ್ನು ದಾಟಿ ಬದುಕಿದ ಆ ಮನೆತನವು, ಮುಟ್ಟಿ ನೋಡಲಾಗದ ಸರಕಿನ ವ್ಯಾಪಾರಕ್ಕಿಳಿದು ನೂರೈವತ್ತೆಂಟನೆಯ ವರುಷದಲ್ಲಿ ಮಡಿಯಿತು. ಮರುವರುಷದ ಅಕ್ಟೋಬರಿನಲ್ಲಿ ಅಮೆರಿಕೆಯ ದುಡಿಯುವವರಲ್ಲಿ ಹತ್ತಕ್ಕೊಬ್ಬನು ನಿರುದ್ಯೋಗಿಯಾಗಿದ್ದನು. ಲಕ್ಷಾಂತರ ಕುಟುಂಬಗಳು ಮನೆಗಳನ್ನು ಬಿಟ್ಟು ಹೊರಬಿದ್ದುವು. ಸಾಲಪತ್ರಗಳನ್ನು ಕಟ್ಟಿ ಮಾರಿದವರಲ್ಲಿ ಅನೇಕರು ತಮ್ಮ ಪಾಲಿನ ಲಾಭವನ್ನು ಆ ಮೊದಲೇ ಮನೆಗೊಯ್ದಿದ್ದರು.

ಈಗ ರಾಣಿಯ ಪ್ರಶ್ನೆಗೆ ಹಿಂತಿರುಗಬಹುದು. ಯಾರೊಬ್ಬರೂ ಕಾಣಲಿಲ್ಲವೆಂಬುದು ಪೂರ್ಣವಾಗಿ ನಿಜವಲ್ಲ. 2005ರ ಆಗಸ್ಟಿನಲ್ಲಿ ಅಮೆರಿಕೆಯ ಜಾಕ್ಸನ್ ಹೋಲ್ ಎಂಬಲ್ಲಿ ಲೋಕದ ಮುಖ್ಯ ಬ್ಯಾಂಕುಗಳ ಅಧಿಪತಿಗಳು ನೆರೆದಿದ್ದರು. ಆಗ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ರಘುರಾಮ ರಾಜನ್ ಅವರು, ಹಣಕಾಸಿನ ಹೊಸ ಉಪಾಯಗಳು ಲೋಕವನ್ನು ಹೆಚ್ಚು ಅಪಾಯಕ್ಕೆ ಒಡ್ಡಿರಬಹುದೆಂದು ಆ ಸಭೆಯಲ್ಲಿ ಪ್ರಬಂಧವನ್ನೋದಿದರು. ಇಂದಿನ ಲಾಭಕ್ಕೆ ಬಹುಮಾನ ದೊರೆತು ನಾಳಿನ ನಷ್ಟಕ್ಕೆ ದಂಡವಿಲ್ಲದಿದ್ದರೆ, ಹಣವನ್ನು ಆಳುವವರು ಕಣ್ಣಿಗೆ ಕಾಣದ ಅಪಾಯಗಳನ್ನೇ ಆಯ್ದುಕೊಳ್ಳುವರೆಂಬುದು ಅವರ ವಾದ. ನೆರೆದವರಲ್ಲಿ ಹಿರಿಯರೆನಿಸಿದವರು ಆ ಮಾತನ್ನು ಹಗುರವಾಗಿ ತೆಗೆದುಕೊಂಡರು. ಇದೇ ರಾಜನ್ ಅವರು ಮುಂದೆ 2013ರಿಂದ 2016ರ ವರೆಗೆ ಭಾರತದ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಅವರಿಗಿಂತ ಮೊದಲು 2003ರಿಂದ 2008ರ ವರೆಗೆ ಆ ಪದವಿಯಲ್ಲಿದ್ದ ವೈ. ವಿ. ರೆಡ್ಡಿಯವರು, ಭೂಮಿ ಕಟ್ಟಡಗಳ ಮೇಲಿನ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಬಂಡವಲವನ್ನು ಮೀಸಲಿಡಬೇಕೆಂದು ಕಟ್ಟುಮಾಡಿದ್ದರು. ಆದುದರಿಂದ ಕಣ್ಣಿದ್ದವರು ಇದ್ದರು, ಕಿವಿಯಿದ್ದವರು ಕಡಮೆಯಾಗಿದ್ದರು.

ಕಿವಿ ಏಕೆ ಮುಚ್ಚಿತೆಂಬುದಕ್ಕೆ ವಿಶ್ವವಿದ್ಯಾನಿಲಯದ ಪಾಠಕ್ರಮವನ್ನೂ ನೋಡಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅರ್ಥಶಾಸ್ತ್ರವು ಗಣಿತದ ಸೊಗಸಿಗೆ ಮರುಳಾಯಿತು. ಇಡಿಯ ದೇಶದ ಬಾಳನ್ನು ಕೆಲವು ಸಮೀಕರಣಗಳಲ್ಲಿ ಹಿಡಿದಿಡುವ ಮಾದರಿಗಳು ಬಂದುವು. ಅವುಗಳಲ್ಲಿ ಬಹುಪಾಲು ಮಾದರಿಗಳಲ್ಲಿ ಬ್ಯಾಂಕಿಗೇ ಸ್ಥಳವಿರಲಿಲ್ಲ. ಅರ್ಥಶಾಸ್ತ್ರದ ಚರಿತ್ರೆಯೂ ಮುಗ್ಗಟ್ಟುಗಳ ಚರಿತ್ರೆಯೂ ಅನೇಕ ವಿದ್ಯಾಶಾಲೆಗಳಲ್ಲಿ ಪಠ್ಯದಿಂದ ಜಾರಿಹೋದುವು. ಮಾಸಚುಸೆಟ್ಸಿನ ಪ್ರಾಧ್ಯಾಪಕ ಕಿಂಡಲ್‌ಬರ್ಗರನು 1978ರಲ್ಲಿಯೇ ಮುಗ್ಗಟ್ಟುಗಳ ಚರಿತ್ರೆಯನ್ನು ಗ್ರಂಥರೂಪದಲ್ಲಿ ಬರೆದಿಟ್ಟಿದ್ದರೂ ಅದನ್ನು ಓದದೆ ಪದವಿ ಪಡೆಯುವುದು ಸಾಧ್ಯವಾಗಿದ್ದಿತು. ಗಣಿತವು ನಿಂದ್ಯವೆಂದು ಇದರ ಅರ್ಥವಲ್ಲ; ಬ್ಯಾಂಕಿನ ಗುಟ್ಟನ್ನು ತಿಳಿಯಾಗಿ ಬಿಡಿಸಿದುದು ಗಣಿತವೇ. ಆದರೆ ತಕ್ಕಡಿಯನ್ನು ಪೂಜಿಸಿ ತೂಗಬೇಕಾದ ಧಾನ್ಯವನ್ನು ಮರೆತವನ ಪಾಡು ಪಂಡಿತರಿಗೂ ಒದಗಿತು.

ಇದನ್ನು ಎತ್ತಿ ತೋರಿಸಿದವರು ಗುರುಗಳಲ್ಲ, ಶಿಷ್ಯರು. 2011ರ ನವೆಂಬರ್ 2ರಂದು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಮೊದಲ ತರಗತಿಯಿಂದ ಹಲವು ವಿದ್ಯಾರ್ಥಿಗಳು ಎದ್ದು ಹೊರಗೆ ನಡೆದರು. ಪಾಠವು ಒಂದೇ ಮಗ್ಗುಲಿನದೆಂಬುದು ಅವರ ಆಕ್ಷೇಪಣೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿದ್ಯಾರ್ಥಿಗಳು ಹೀಗೆ ಎದ್ದುಹೋಗುವ ಬದಲು ಸಂಘವೊಂದನ್ನು ಕಟ್ಟಿ, ತಮ್ಮ ಪಾಠಕ್ರಮವನ್ನು ತಾವೇ ಪರಿಶೀಲಿಸಿ, 2014ರ ಏಪ್ರಿಲಿನಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಹೊರಗೆ ಲೋಕವು ಹೊತ್ತಿ ಉರಿಯುತ್ತಿರುವಾಗ ಒಳಗಿನ ಪಾಠದಲ್ಲಿ ಅದರ ಸುದ್ದಿಯೇ ಇಲ್ಲವೆಂದು ಅವರು ದೂರಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ಹಿರಿಯ ಅಧಿಕಾರಿಯಾಗಿದ್ದ ಆಂಡ್ರೂ ಹಾಲ್ಡೇನ್ ಎಂಬವರು ಆ ವರದಿಗೆ ಮುನ್ನುಡಿ ಬರೆದುಕೊಟ್ಟರು. ಅದೇ ವರುಷ ಅನೇಕ ದೇಶಗಳ ವಿದ್ಯಾರ್ಥಿಸಂಘಗಳು ಕೂಡಿ ಪಾಠಕ್ರಮವು ಬಹುಮುಖವಾಗಬೇಕೆಂಬ ಬಿನ್ನಹವನ್ನು ಹೊರಡಿಸಿದುವು. ಇದರ ಫಲವೂ ಕಾಣಿಸಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವೆಂಡಿ ಕಾರ್ಲಿನ್ ಎಂಬ ಪ್ರಾಧ್ಯಾಪಕಿಯ ನೇತೃತ್ವದಲ್ಲಿ ಹಲವು ದೇಶಗಳ ವಿದ್ವಾಂಸರು ಹೊಸ ಪಠ್ಯಗ್ರಂಥವನ್ನು ರಚಿಸಿ ಬೆಲೆಯಿಲ್ಲದೆ ಎಲ್ಲರಿಗೂ ದೊರೆಯುವಂತೆ ಮಾಡಿದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವೂ ಈ ಕಾರ್ಯದಲ್ಲಿ ಪಾಲುಗೊಂಡಿತು. ವಿದ್ಯೆಯನ್ನು ಮಾರದೆ ಹಂಚುವುದು ಒಂದು ಬಗೆಯ ದಾಸೋಹವೆಂದೇ ಹೇಳಬೇಕು.

ಇಷ್ಟಾದ ಮೇಲೆ ಭಕ್ತರ ಮನಸ್ಸಿನಲ್ಲಿ ಎರಡು ವಿಚಾರಗಳು ಮೂಡಬಹುದು. ಇಂಥ ಶಾಸ್ತ್ರವನ್ನು ಕಲಿಯಲು ಮಕ್ಕಳನ್ನು ಕಳುಹುವುದೇ ತಪ್ಪೆಂಬುದು ಒಂದು. ಶರಣರು ಎಲ್ಲವನ್ನೂ ಮೊದಲೇ ಹೇಳಿಟ್ಟಿರುವುದರಿಂದ ಈ ಶಾಸ್ತ್ರವೇ ಬೇಡವೆಂಬುದು ಇನ್ನೊಂದು. ಎರಡೂ ಸರಿಯಲ್ಲ. ವೈದ್ಯನು ಜ್ವರ ಬರುವ ದಿನವನ್ನು ಮುಂದಾಗಿ ಹೇಳಲಾರನೆಂದು ವೈದ್ಯವನ್ನು ಬಿಡುವವರುಂಟೆ? ಅಂತೆಯೇ, ಹನ್ನೆರಡನೆಯ ಶತಮಾನದ ಶರಣರು ಇಪ್ಪತ್ತೊಂದನೆಯ ಶತಮಾನದ ಸಾಲಪತ್ರಗಳ ವಿವರವನ್ನು ಹೇಳಿಹೋದರೆಂಬುದು ಅವರಿಗೆ ಗೌರವ ತರುವ ಮಾತಲ್ಲ. ಅವರು ಬಿಟ್ಟುಹೋದುದು ಲೆಕ್ಕದ ಸೂತ್ರವಲ್ಲ, ಲೆಕ್ಕ ಕೇಳುವ ಎದೆಗಾರಿಕೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚಿಗೆ ಅಕ್ಕಿಯನ್ನು ಮನೆಗೆ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ, ಹೆಚ್ಚಿನದು ಏಕೆ ಬಂದಿತೆಂದು ಕೇಳಿ, ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದರು. 2006ರಲ್ಲಿ ಲೋಕದ ದೊಡ್ಡ ಬ್ಯಾಂಕುಗಳ ಸಭಾಮಂದಿರಗಳಲ್ಲಿ ಲಾಭವು ವರುಷವರುಷವೂ ಹೆಚ್ಚುತ್ತಿದ್ದಾಗ, ಈ ಹೆಚ್ಚಿನದು ಏಕೆ ಬಂದಿತು ಎಂದು ಕೇಳುವ ಒಬ್ಬ ಲಕ್ಕಮ್ಮನ ಸ್ಥಾನವು ಬರಿದಾಗಿದ್ದಿತು.

ಅಂಥ ಪ್ರಶ್ನೆಗೆ ಎಡೆಯಿರುವ ಹಣಕಾಸಿನ ಏರ್ಪಾಟು ಸಾಧ್ಯವೆ ಎಂದು ಕೇಳಿದರೆ, ಕನ್ನಡನಾಡಿನಲ್ಲಿಯೇ ಒಂದು ದೃಷ್ಟಾಂತವುಂಟು. ಅರಳೆಯ ಉಬ್ಬರವಿಳಿತಗಳನ್ನು ಕಂಡ ಅದೇ ಸೀಮೆಯಲ್ಲಿ, ಗದಗಿನ ಬಳಿಯ ಕಣಗಿನಹಾಳ ಗ್ರಾಮದಲ್ಲಿ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಭಾರತದ ಸಹಕಾರಿ ಸಂಘಗಳಲ್ಲಿ ಅದು ಆದ್ಯವಾದುದೆಂದು ಎಣಿಸಲ್ಪಟ್ಟಿದೆ. 1904ರ ಕಾಯಿದೆಯ ಮೇರೆಗೆ ಇಂಥ ಹಳ್ಳಿಯ ಸಂಘಗಳಲ್ಲಿ ಸದಸ್ಯರೆಲ್ಲರೂ ಸಂಘದ ಸಾಲಕ್ಕೆ ಅಪರಿಮಿತವಾಗಿ ಹೊಣೆಗಾರರಾಗಿದ್ದರು. ನೆರೆಯವನು ಸಾಲವನ್ನು ಮುಳುಗಿಸಿದರೆ ತನ್ನ ಹೊಲಕ್ಕೂ ಕುತ್ತು. ಆದುದರಿಂದ ಸಾಲ ಕೇಳಿದವನು ಅದನ್ನು ಎತ್ತಿಗೆ ಹಾಕುವನೋ ಮದುವ��ಯ ಮೆರವಣಿಗೆಗೆ ಹಾಕುವನೋ ಎಂಬುದನ್ನು ಊರೇ ನೋಡುತ್ತಿದ್ದಿತು. ಕೊಟ್ಟವನಿಗೆ ಕೊಂಡವನ ಮುಖದ ಪರಿಚಯವಿದ್ದಿತು. 2008ರ ಸಾಲಪತ್ರಗಳಲ್ಲಿ ಇಲ್ಲದೆ ಹೋದುದು ಇದೊಂದೇ. ಸಹಕಾರಿ ಸಂಘಗಳೂ ಮುಳುಗಿದ ಉದಾಹರಣೆಗಳು ಇಲ್ಲದಿಲ್ಲ. ಆದರೆ ಲೆಕ್ಕ ಕೇಳುವುದನ್ನು ಸದಸ್ಯರು ಬಿಟ್ಟಲ್ಲಿ ಆ ಅಪಾಯಕ್ಕೆ ಬಾಗಿಲು ತೆರೆಯುತ್ತದೆ.

ಶರಣ ಬಂಧುಗಳೇ, ಹಣಕಾಸಿನ ಶಾಸ್ತ್ರವನ್ನು ಕಲಿಯಹೊರಡುವ ಮಕ್ಕಳು ಗಣಿತವನ್ನೂ ಚರಿತ್ರೆಯನ್ನೂ ಕೂಡಿಯೇ ಕಲಿಯಲಿ. ತರಗತಿಯಲ್ಲಿಯೂ, ಮುಂದೆ ಸೇರುವ ಕಚೇರಿಯಲ್ಲಿಯೂ ಅವರು ಮೂರು ಪ್ರಶ್ನೆಗಳನ್ನು ಬಿಡದಿರಲಿ: ಈ ಹಣ ಯಾರದು? ಲಾಭ ಯಾರಿಗೆ ಹೋಗುತ್ತದೆ? ಮುಳುಗಿದರೆ ಹೊರುವವರಾರು? ಮೂರನೆಯ ಪ್ರಶ್ನೆಗೆ ಉತ್ತರವಾಗಿ ಸಭೆಯಲ್ಲಿ ಇಲ್ಲದವರ ಹೆಸರೇ ಬರುವುದಾದರೆ, ಎದ್ದುನಿಂತು ಅದನ್ನು ಹೇಳುವ ಧೈರ್ಯವು ಅವರಿಗಿರಲಿ. ಆ ಮಾತಿನಿಂದ ಸಂಬಳವೂ ಮನ್ನಣೆಯೂ ಕಡಮೆಯಾಗಬಹುದು. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು, ಹೆಸರರಿಯದ ಭಕ್ತರು ಕೊಟ್ಟ ಜೋಳದಿಂದ ಬೆಳೆದ ಮಕ್ಕಳಿಗೆ ಪರರ ಗಂಟಿನ ಬೆಲೆ ಏನೆಂಬುದನ್ನು ಬೇರೆ ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿಲ್ಲ. ಅದನ್ನು ಮರೆಯದಿರುವುದೇ ಅವರ ಕಾಯಕ. ಕಲಿತ ವಿದ್ಯೆಯನ್ನು ಠೇವಣಿಯಿಟ್ಟ ಬಡವನ ಕಾವಲಿಗೆ ನಿಲ್ಲಿಸುವುದೇ ಅವರ ದಾಸೋಹ. ಶ್ರೀಗುರುವಿನ ಕೃಪೆಯು ಅವರಿಗೆ ಆ ಕಣ್ಣನ್ನೂ ಆ ಎದೆಯನ್ನೂ ಕರುಣಿಸಲಿ.